ಏಳನೆಯ ತರಗತಿಯಿಂದ ಎಂಟಕ್ಕೆ: ಪ್ರೌಢಶಾಲೆಗೆ ಮಕ್ಕಳನ್ನು ಸಿದ್ಧಗೊಳಿಸುವ ಬಗ್ಗೆ

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಬಹುಕಾಲದಿಂದ ಪಾಠ ಮಾಡುತ್ತಿರುವ ನನ್ನನ್ನು ಪೋಷಕರು ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಮೇಷ್ಟ್ರೇ, ನಮ್ ಹುಡ್ಗ ಹೈಸ್ಕೂಲ್‌ಗೆ ಹೋದ್ರೆ ತಡ್ಕತಾನಾ?” ಪ್ರಶ್ನೆ ಸಹಜವಾದುದು. ಆದರೆ ಅದನ್ನು ಏಪ್ರಿಲ್ ತಿಂಗಳಲ್ಲಿ ಕೇಳುವ ಹೊತ್ತಿಗೆ ಉತ್ತರ ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಆರನೆಯ ತರಗತಿಯ ಜೂನ್ ತಿಂಗಳಿನಿಂದ ಏಳನೆಯ ತರಗತಿಯ ಮಾರ್ಚ್‌ವರೆಗೆ ಶಾಲೆ ಏನು ಮಾಡಿದೆ ಎಂಬುದರ ಮೇಲೆ ಆ ಉತ್ತರ ನಿಂತಿದೆ. ಬೇಸಿಗೆ ರಜೆಯಲ್ಲಿ ಟ್ಯೂಷನ್‌ಗೆ ಕಳುಹಿಸಿ ಎಂಟನೆಯ ತರಗತಿಯ ಪಾಠಗಳನ್ನು ಮೊದಲೇ ಓದಿಸಿದರೆ ಮಗು ಸಿದ್ಧವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಎದುರಿಗಿರುವ ಪುಟವನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳುವುದು, ಅರ್ಥವಾದದ್ದನ್ನು ತನ್ನದೇ ವಾಕ್ಯಗಳಲ್ಲಿ ಬರೆಯುವುದು, ಅರ್ಥವಾಗದಿದ್ದರೆ ಪರಿಚಯವಿಲ್ಲದ ಶಿಕ್ಷಕರ ಮುಂದೆಯೂ ಎದ್ದು ನಿಂತು ಕೇಳುವುದು, ಈ ಮೂರು ಶಕ್ತಿಗಳನ್ನು ಕೊಟ್ಟು ಕಳುಹಿಸಿದರೆ ಪ್ರಾಥಮಿಕ ಶಾಲೆ ತನ್ನ ಕೆಲಸವನ್ನು ಮಾಡಿದೆ ಎಂದು ನಾನು ತಿಳಿಯುತ್ತೇನೆ.

ನಮ್ಮ ರಾಜ್ಯದ ಶಾಲಾ ವ್ಯವಸ್ಥೆಯಲ್ಲಿ ಈ ಜೋಡಣೆ ಸ್ವಲ್ಪ ತೊಡಕಿನ ಜಾಗದಲ್ಲಿದೆ. 1ರಿಂದ 5ರವರೆಗಿನದು ಕಿರಿಯ ಪ್ರಾಥಮಿಕ, 7ರವರೆಗಿನದು ಹಿರಿಯ ಪ್ರಾಥಮಿಕ, 8ರಿಂದ 10ರವರೆಗೆ ಪ್ರೌಢಶಾಲೆ ಎಂಬುದು ನಾವು ಹಿಂದಿನಿಂದ ಕಂಡ ವಿಂಗಡಣೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 8ನೆಯ ತರಗತಿಯವರೆಗಿನ ಓದನ್ನು ಪ್ರಾಥಮಿಕ ಶಿಕ್ಷಣ ಎಂದು ಕರೆಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ರವರೆಗೆ ಒಂದು ಹಂತ ಎಂದು ಎಣಿಸುತ್ತದೆ. ಹಾಗಾಗಿ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ 8ನೆಯ ತರಗತಿಯನ್ನು ಸೇರಿಸಲಾಗಿದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಳೆಯ ಮಕ್ಕಳ ತರಗತಿಯಿಂದ ಪಿಯುಸಿವರೆಗೆ ಒಂದೇ ಆವರಣದ ಏರ್ಪಾಡಿದೆ. ಆದರೂ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಬಹಳಷ್ಟು ಮಕ್ಕಳು ಏಳನೆಯ ತರಗತಿ ಮುಗಿಸಿ, ವರ್ಗಾವಣೆ ಪತ್ರ ತೆಗೆದುಕೊಂಡು, ಹೋಬಳಿ ಕೇಂದ್ರದ ಅಥವಾ ಪಕ್ಕದ ದೊಡ್ಡ ಊರಿನ ಪ್ರೌಢಶಾಲೆಗೆ ಹೋಗುತ್ತಾರೆ. ಕಾಯ್ದೆಯ ಲೆಕ್ಕದಲ್ಲಿ ಒಂದೇ ಹಂತದ ನಡುವೆ ಇರುವ ಮಗು, ಬದುಕಿನ ಲೆಕ್ಕದಲ್ಲಿ ಹೊಸ ಕಟ್ಟಡ, ಹೊಸ ಶಿಕ್ಷಕರು, ಹೊಸ ಸಹಪಾಠಿಗಳ ನಡುವೆ ನಿಂತಿರುತ್ತದೆ.

ಅಲ್ಲಿ ಬದಲಾಗುವುದು ಏನು ಎಂಬುದನ್ನು ಪೋಷಕರು ಸರಿಯಾಗಿ ತಿಳಿಯಬೇಕು. ನಮ್ಮಂಥ ಶಾಲೆಯಲ್ಲಿ ಇಬ್ಬರು ಮೂವರು ಶಿಕ್ಷಕರು ಎಲ್ಲ ವಿಷಯಗಳನ್ನೂ ಹಂಚಿಕೊಂಡು ನಡೆಸುತ್ತಾರೆ. ಬೆಳಿಗ್ಗೆ ಗಣಿತ ಹೇಳಿದವರೇ ಮಧ್ಯಾಹ್ನ ವಿಜ್ಞಾನ ಹೇಳುತ್ತಾರೆ, ಊಟದ ಹೊತ್ತಿನಲ್ಲಿ ಸಾಲಿನಲ್ಲಿ ನಿಂತು ಬಡಿಸುತ್ತಾರೆ, ಮಗುವಿನ ಅಣ್ಣನಿಗೂ ಅಕ್ಕನಿಗೂ ಅವರೇ ಕಲಿಸಿರುತ್ತಾರೆ. ಮಗುವಿನ ಮುಖ ನೋಡಿದರೆ ಬೆಳಿಗ್ಗೆ ಮನೆಯಲ್ಲಿ ಏನಾಗಿದೆ ಎಂದು ಗೊತ್ತಾಗುವಷ್ಟು ಬಳಕೆ ಇರುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ ಒಬ್ಬೊಬ್ಬರದು. ಗಣಿತ ಮತ್ತು ಭೌತ ವಿಜ್ಞಾನದ ಭಾಗ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರದು, ಜೀವ ವಿಜ್ಞಾನದ ಭಾಗ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರದು. ಮುಕ್ಕಾಲು ಗಂಟೆಗೊಮ್ಮೆ ಗಂಟೆ ಬಾರಿಸುತ್ತದೆ, ಒಬ್ಬರು ಹೋಗಿ ಇನ್ನೊಬ್ಬರು ಬರುತ್ತಾರೆ. ಅವರಲ್ಲಿ ಯಾರಿಗೂ ಈ ಮಗುವಿನ ಹೆಸರು ಜೂನ್ ತಿಂಗಳಲ್ಲಿ ಗೊತ್ತಿರುವುದಿಲ್ಲ. ಸುತ್ತಲಿನ ಐದಾರು ಹಳ್ಳಿಗಳ ಶಾಲೆಗಳಿಂದ ಬಂದ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ, ಅವರ ಕಲಿಕೆಯ ಮಟ್ಟವೂ ಐದಾರು ಬಗೆಯದಾಗಿರುತ್ತದೆ. ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬಲು ಮೊದಲ ವಾರಗಳಲ್ಲಿ ನಡೆಯುವ ‘ಸೇತುಬಂಧ’ದ ನೈದಾನಿಕ ಪರೀಕ್ಷೆಯಲ್ಲಿ, ಅಂದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ಪರೀಕ್ಷೆಯಲ್ಲಿ, ಪ್ರೌಢಶಾಲೆಯವರಿಗೆ ಈ ಅಂತರ ಕಣ್ಣಿಗೆ ಬೀಳುತ್ತದೆ. ಪರಿಹಾರ ಬೋಧನೆ, ಅದರಿಂದ ಕಲಿತದ್ದನ್ನು ಅಳೆಯುವ ಸಾಫಲ್ಯ ಪರೀಕ್ಷೆ ಎಲ್ಲವೂ ಆಗುತ್ತವೆ. ಆದರೆ ಎರಡು ವರ್ಷಗಳಲ್ಲಿ ಬಲಿಯಬೇಕಾಗಿದ್ದ ಓದಿನ ಅಭ್ಯಾಸವನ್ನು ಎರಡು ಮೂರು ವಾರಗಳ ಸೇತುಬಂಧ ತುಂಬಿಕೊಡಲಾರದು. ಆ ಶಿಕ್ಷಕರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಆದ್ದರಿಂದ ನಾನು ಮೊದಲು ಓದಿನ ವಿಷಯ ಹೇಳುತ್ತೇನೆ. ಏಳನೆಯ ತರಗತಿಯ ಬಹುತೇಕ ಮಕ್ಕಳು ಕನ್ನಡದ ಪಾಠವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದಬಲ್ಲರು. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ ಅದರಲ್ಲಿ ಏನಿತ್ತು ಎಂದು ಕೇಳಿದರೆ ಅವರಲ್ಲಿ ಹಲವರು ಸುಮ್ಮನಾಗುತ್ತಾರೆ. ಬಾಯಿ ಓದುತ್ತಿರುತ್ತದೆ, ಮನಸ್ಸು ಅಕ್ಷರ ಕೂಡಿಸುವುದರಲ್ಲೇ ದಣಿದಿರುತ್ತದೆ. ಪ್ರಾಥಮಿಕ ಶಾಲೆಯ ಪಾಠಗಳಲ್ಲಿ ವಾಕ್ಯಗಳು ಚಿಕ್ಕವು, ಚಿತ್ರಗಳು ಜೊತೆಗಿರುತ್ತವೆ, ಶಿಕ್ಷಕರು ಮೊದಲೇ ಕಥೆ ಹೇಳಿರುತ್ತಾರೆ. ಆದ್ದರಿಂದ ಈ ಕೊರತೆ ಹೊರಗೆ ಕಾಣುವುದಿಲ್ಲ. ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಒಂದು ಪುಟದಲ್ಲಿ ಉದ್ದ ವಾಕ್ಯಗಳು, ಹೊಸ ಪಾರಿಭಾಷಿಕ ಪದಗಳು, ಕಾರಣ ಮತ್ತು ಪರಿಣಾಮಗಳ ಹೆಣಿಗೆ ಎಲ್ಲವೂ ಒಟ್ಟಿಗೆ ಬಂದಾಗ ಅದು ಎದ್ದು ಕಾಣುತ್ತದೆ. ಮಗು ಬುದ್ಧಿಯಲ್ಲಿ ಹಿಂದುಳಿದಿದೆ ಎಂದು ಅಲ್ಲಿಯವರು ಭಾವಿಸುವ ಸಂಭವವಿದೆ. ನಿಜವಾಗಿ ಆ ಮಗುವಿಗೆ ಮೌನವಾಗಿ ಓದುವುದನ್ನು ಯಾರೂ ಕಲಿಸಿಲ್ಲ.

ನಮ್ಮ ಶಾಲೆಯಲ್ಲಿ ಆರನೆಯ ತರಗತಿಯಿಂದಲೇ ವಾರದಲ್ಲಿ ಕೆಲವು ಅವಧಿಗಳನ್ನು ಮೌನ ಓದಿಗೆ ಮೀಸಲಿಟ್ಟಿದ್ದೇವೆ. ಪಾಠವನ್ನು ನಾನು ವಿವರಿಸುವ ಮೊದಲೇ ಮಕ್ಕಳು ಒಂದು ಪುಟವನ್ನು ತಾವೇ ಓದಬೇಕು. ತಿಳಿಯದ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಪುಸ್ತಕ ಮುಚ್ಚಿ, ಓದಿದ್ದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆಯಬೇಕು. ಆರಂಭದ ತಿಂಗಳುಗಳಲ್ಲಿ ಬರುವ ಬರವಣಿಗೆ ಬಹಳ ದುರ್ಬಲವಾಗಿರುತ್ತದೆ. ಪುಟದ ಮೊದಲ ವಾಕ್ಯವನ್ನೇ ನೆನಪಿನಿಂದ ತೆಗೆದು ಬರೆದಿರುತ್ತಾರೆ. ದಸರಾ ರಜೆ ಕಳೆದು ಬರುವ ಹೊತ್ತಿಗೆ ಕೆಲವರು, ಸಂಕ್ರಾಂತಿಯ ಹೊತ್ತಿಗೆ ಇನ್ನಷ್ಟು ಮಂದಿ, ಪುಟದ ನಡುವಿನ ವಿಚಾರವನ್ನು ಹಿಡಿಯಲು ಆರಂಭಿಸುತ್ತಾರೆ. ಇದಕ್ಕೆ ಯಾವ ವಿಶೇಷ ಉಪಕರಣವೂ ಬೇಕಾಗಿಲ್ಲ. ಶಿಕ್ಷಕರು ಸುಮ್ಮನಿರಬೇಕು ಎಂಬುದೊಂದೇ ಕಷ್ಟದ ಭಾಗ, ಏಕೆಂದರೆ ಮಗು ತಡವರಿಸಿದಾಗ ಉತ್ತರ ಹೇಳಿಬಿಡುವುದು ನಮ್ಮ ವೃತ್ತಿಯಲ್ಲಿ ಕೈಗೆ ಹತ್ತಿದ ಚಾಳಿ.

ಓದಿನ ಪಕ್ಕದಲ್ಲೇ ಬರವಣಿಗೆಯಿದೆ. ನಮ್ಮ ಶಾಲೆಗಳಲ್ಲಿ ‘ನೋಟ್ಸ್’ ಎಂದರೆ ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದ ಪ್ರಶ್ನೋತ್ತರವನ್ನು ಮಕ್ಕಳು ಇಳಿಸಿಕೊಳ್ಳುವುದು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಈ ಪದ್ಧತಿಯಲ್ಲಿ ಕೆಲವು ವರ್ಷ ಕಳೆದ ಮಗು ಸುಂದರವಾದ ಅಕ್ಷರ ಬರೆಯುತ್ತದೆ, ಸ್ವಂತದ ಒಂದು ವಾಕ್ಯ ಬರೆ ಎಂದರೆ ಹೆದರುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ, ಏಕೆಂದರೆ ಸ್ವಂತ ಕಲಿಕೆಯ ಬೀಜವನ್ನು ಬಿತ್ತಿದ ನೆಲವೇ ನಮ್ಮದು. ‘ನಲಿ ಕಲಿ’ ಪದ್ಧತಿ 1995ರಲ್ಲಿ ಆರಂಭವಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಗು ಕಲಿಕೆಯ ಹಂತಗಳನ್ನು ತೋರಿಸುವ ತನ್ನ ಕಲಿಕಾ ಏಣಿಯನ್ನು ನೋಡಿ, ತನ್ನ ಚಟುವಟಿಕೆಯ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಅದೇ ಮಗುವನ್ನು ಸಾಲಿನಲ್ಲಿ ಕೂರಿಸಿ ಹಲಗೆ ನೋಡಿ ಬರೆಯಲು ಹೇಳುತ್ತೇವೆ. ಆರನೆಯ ತರಗತಿಯ ಶಿಕ್ಷಕರು ಮಾಡಬೇಕಾದ ಮೊದಲ ಕೆಲಸ ನಲಿ ಕಲಿಯಲ್ಲಿ ಆ ಮಗುವಿಗೆ ಇದ್ದ ಸ್ವಾತಂತ್ರ್ಯವನ್ನು, ವಯಸ್ಸಿಗೆ ತಕ್ಕ ರೂಪದಲ್ಲಿ, ಮರಳಿ ಕೊಡುವುದು.

ಬರೆಯಲು ಮಕ್ಕಳಿಗೆ ವಿಷಯ ಬೇಕು, ಅದು ಕೈಗೆಟಕುವ ದೂರದಲ್ಲಿದ್ದರೆ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ನೆನಪಿನ ಸತ್ಯಾಗ್ರಹ ಸೌಧ ಈಗಲೂ ಅಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ‘ಪ್ರವಾಸ ಪ್ರಬಂಧ’ ಎಂದು ಬರೆಸಿದರೆ ಎಲ್ಲರೂ “ನಾವು ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ” ಎಂದು ಆರಂಭಿಸುತ್ತಾರೆ. ಅದರ ಬದಲು “ಆ ದಿನ ಬಾವುಟ ಹಾರಿಸುವುದಕ್ಕೆ ಸರ್ಕಾರ ಏಕೆ ಅಡ್ಡಿಪಡಿಸಿತು?” ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೋಗಿ, ಅಲ್ಲಿ ನೋಡಿದ್ದು, ಊರಿನ ಹಿರಿಯರಿಂದ ಕೇಳಿದ್ದು, ಪಾಠದಲ್ಲಿ ಓದಿದ್ದು ಮೂರನ್ನೂ ಸೇರಿಸಿ ಒಂದು ಪುಟ ಬರೆಯಿರಿ ಎಂದರೆ ಬರವಣಿಗೆಯ ಗುಣವೇ ಬೇರೆಯಾಗುತ್ತದೆ. ಪ್ರೌಢಶಾಲೆಯ ಸಮಾಜ ವಿಜ್ಞಾನವು ಆಧಾರಗಳನ್ನು ಜೋಡಿಸಿ ವಿಚಾರ ಮಾಡುವುದನ್ನು ಬೇಡುತ್ತದೆ. ಅದರ ಮೊದಲ ಪಾಠ ಇಲ್ಲಿ ಆಗಿಹೋಗುತ್ತದೆ.

ಇನ್ನು ಗಣಿತ. ಎಂಟನೆಯ ತರಗತಿಯಲ್ಲಿ ಭಾಗಲಬ್ಧ ಸಂಖ್ಯೆಗಳು, ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು, ಬೀಜೋಕ್ತಿಗಳು, ನಕ್ಷೆಗಳು ಬರುತ್ತವೆ. ಇವೆಲ್ಲದರ ಕೆಳಗೆ ಇರುವುದು ಎರಡೇ ಅಡಿಗಲ್ಲು: ಭಿನ್ನರಾಶಿ ಮತ್ತು ಋಣ ಸಂಖ್ಯೆ. ಈ ಎರಡರಲ್ಲಿ ಗಟ್ಟಿಯಾಗದ ಮಗುವಿಗೆ ಸಮೀಕರಣ ಬಿಡಿಸುವ ವಿಧಾನವನ್ನು ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಕೊನೆಯ ಸಾಲಿನಲ್ಲಿ ತಪ್ಪುತ್ತದೆ, ಆಮೇಲೆ ಗಣಿತವೇ ತನಗೆ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಭಿನ್ನರಾಶಿಯಲ್ಲಿ ಮಕ್ಕಳು ಮಾಡುವ ತಪ್ಪು ಎಲ್ಲ ಕಡೆಯೂ ಒಂದೇ: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವುದು. 1/4ಕ್ಕೆ 1/5 ಕೂಡಿಸಿದರೆ 2/9 ಎಂದು ಬರೆಯುತ್ತಾರೆ. ಲಘುತಮ ಸಾಮಾನ್ಯ ಅಪವರ್ತ್ಯದ ನಿಯಮವನ್ನು ಮತ್ತೊಮ್ಮೆ ಹೇಳುವುದರಿಂದ ಈ ತಪ್ಪು ಹೋಗುವುದಿಲ್ಲ. ನಮ್ಮ ಮಕ್ಕಳಿಗೆ ಜಮೀನಿನ ಲೆಕ್ಕ ಗೊತ್ತು. ಒಂದು ಎಕರೆಗೆ 40 ಗುಂಟೆ. ಕಾಲು ಎಕರೆ ಎಂದರೆ 10 ಗುಂಟೆ, ಐದನೆಯ ಒಂದು ಪಾಲು ಎಂದರೆ 8 ಗುಂಟೆ, ಎರಡೂ ಸೇರಿದರೆ 18 ಗುಂಟೆ, ಅಂದರೆ 9/20 ಎಕರೆ. ಅವರು ಬರೆದ 2/9 ಎಕರೆಯನ್ನು ಗುಂಟೆಗೆ ಇಳಿಸಿದರೆ 9 ಗುಂಟೆಯೂ ಆಗುವುದಿಲ್ಲ. ಹತ್ತು ಗುಂಟೆಯ ಜೊತೆಗೆ ಇನ್ನಷ್ಟು ಜಮೀನು ಸೇರಿದ ಮೇಲೆ ಒಟ್ಟು ಕಡಿಮೆಯಾಗುವುದು ಹೇಗೆ ಎಂದು ಕೇಳಿದಾಗ ರೈತರ ಮನೆಯ ಮಗು ತನ್ನ ತಪ್ಪನ್ನು ತಾನೇ ಕಾಣುತ್ತದೆ. ಹೀಗೆ ಕಂಡ ತಪ್ಪು ಮತ್ತೆ ಬರುವುದು ಅಪರೂಪ.

ಋಣ ಸಂಖ್ಯೆ ಮತ್ತು ದಶಮಾಂಶಕ್ಕೆ ನಾನು ಕನ್ನಂಬಾಡಿಯನ್ನು ಹಿಡಿಯುತ್ತೇನೆ. ಮುಂಗಾರಿನ ತಿಂಗಳುಗಳಲ್ಲಿ ಕೃಷ್ಣರಾಜಸಾಗರದ ನೀರಿನ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ, ಮಂಡ್ಯದ ಯಾವ ಮನೆಯಲ್ಲಿಯೂ ಅದರ ಮಾತು ಬರದ ದಿನವಿರುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಏಳನೆಯ ತರಗತಿಯ ಗೋಡೆಗೆ ಒಂದು ಚೌಕಳಿ ಹಾಳೆ ಅಂಟಿಸಿ, ಜೂನ್‌ನಿಂದ ಪ್ರತಿದಿನ ಒಬ್ಬೊಬ್ಬರು ಪತ್ರಿಕೆ ನೋಡಿ ಆ ದಿನದ ಮಟ್ಟವನ್ನು ಗುರುತು ಮಾಡಬೇಕು. ತುಂಬಿದ ಮಟ್ಟವನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ. ನೀರು 98.40 ಅಡಿಯಲ್ಲಿದ್ದರೆ ನಾವು ಸೊನ್ನೆಗಿಂತ 26.40 ಅಡಿ ಕೆಳಗಿದ್ದೇವೆ, ಅದನ್ನು −26.40 ಎಂದು ಬರೆಯೋಣ. ಕೊಡಗಿನಲ್ಲಿ ಮಳೆಯಾಗಿ ಮುಕ್ಕಾಲು ಅಡಿ ಏರಿದರೆ −25.65. ಇನ್ನೂ ಎಷ್ಟು ದಿನ ಇದೇ ವೇಗದಲ್ಲಿ ಬಂದರೆ ಕಟ್ಟೆ ತುಂಬುತ್ತದೆ? ಈ ಪ್ರಶ್ನೆಯಲ್ಲಿ ಋಣ ಸಂಖ್ಯೆಯ ಸಂಕಲನವಿದೆ, ದಶಮಾಂಶದ ಭಾಗಾಕಾರವಿದೆ, ಸರಳ ಸಮೀಕರಣವಿದೆ, ಮುಂದಿನ ವರ್ಷ ಬರುವ ನಕ್ಷೆಯ ಪಾಠವೂ ಇದೆ. ಎಂಟನೆಯ ತರಗತಿಯ ಪುಸ್ತಕವನ್ನು ತೆರೆಯದೆಯೇ ಎಂಟನೆಯ ತರಗತಿಗೆ ಬೇಕಾದ ಬುದ್ಧಿ ಇಲ್ಲಿ ಬೆಳೆಯುತ್ತದೆ. ಜಲಾಶಯದ ಗೆರೆ ಮೇಲೇರುವುದನ್ನು ನೋಡುತ್ತಾ ಮಕ್ಕಳು ಮನೆಯಲ್ಲಿ ಅಪ್ಪನ ಜೊತೆ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಅಂದಾಜು ಕಟ್ಟುತ್ತಾರೆ ಎಂಬುದು ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ.

ವಿಜ್ಞಾನದಲ್ಲಿಯೂ ಇಂಥ ಒಂದು ಅನುಕೂಲ ನಮಗಿದೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬೆಳೆ ಉತ್ಪಾದನೆ ಮತ್ತು ನಿರ್ವಹಣೆಯ ಪಾಠವಿದೆ. ಒಟ್ಲು (ಸಸಿಮಡಿ) ಹಾಕುವುದು, ನಾಟಿ, ಕಳೆ, ಗೊಬ್ಬರ, ಕಬ್ಬಿನ ತುಂಡು ನೆಡುವುದು, ಇವೆಲ್ಲ ನಮ್ಮ ಮಕ್ಕಳಿಗೆ ಕೈಯ ಅನುಭವ. ಆದರೆ ತನಗೆ ಗೊತ್ತಿರುವುದೇ ಪುಸ್ತಕದಲ್ಲಿದೆ ಎಂಬುದು ಅನೇಕ ಮಕ್ಕಳಿಗೆ ಹೊಳೆಯುವುದಿಲ್ಲ, ಪುಸ್ತಕದ ಮಾತು ಬೇರೆ, ಮನೆಯ ಮಾತು ಬೇರೆ ಎಂದೇ ಅವರು ಬೆಳೆದಿರುತ್ತಾರೆ. ಏಳನೆಯ ತರಗತಿಯಲ್ಲಿ ಮಗು ತನ್ನ ಗದ್ದೆಯಲ್ಲಿ ನಡೆಯುವ ಒಂದು ಕೆಲಸವನ್ನು ಹಂತ ಹಂತವಾಗಿ, ಏಕೆ ಹಾಗೆ ಮಾಡುತ್ತಾರೆ ಎಂಬ ಕಾರಣದೊಡನೆ ಬರೆದು ತರುವಂತೆ ಮಾಡಿದರೆ ಈ ಗೋಡೆ ಸಡಿಲವಾಗುತ್ತದೆ.

ಈಗ ಪೋಷಕರ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿರುವ ವಿಷಯಕ್ಕೆ ಬರುತ್ತೇನೆ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಸೇರಿಸಬೇಕೇ, ಬೇಡವೇ? ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಹೇಗೂ ಇಂಗ್ಲಿಷ್‌ನಲ್ಲಿಯೇ ಓದಬೇಕಾಗುತ್ತದೆ, ಈಗಲೇ ಬದಲಾಯಿಸಿದರೆ ಒಳ್ಳೆಯದು ಎಂಬ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ನಾನು ಕಂಡಂತೆ, ಕನ್ನಡದಲ್ಲಿ ಒಂದು ಪುಟವನ್ನು ಓದಿ ಅದರ ಸಾರವನ್ನು ಹೇಳಬಲ್ಲ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಮೊದಲ ಅರ್ಧ ವರ್ಷ ಒದ್ದಾಡಿದರೂ ಆಮೇಲೆ ದಡ ಸೇರುತ್ತದೆ. ಕನ್ನಡದಲ್ಲಿಯೇ ಓದು ಕೈಗೂಡದ ಮಗುವನ್ನು ಹಾಗೆ ಸೇರಿಸಿದರೆ ಎರಡೂ ಭಾಷೆಯಲ್ಲಿ ಬಾಯಿ ಕಟ್ಟಿದಂತಾಗುತ್ತದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಉತ್ತರಗಳನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡುವುದೊಂದೇ ಅದಕ್ಕೆ ಉಳಿಯುವ ದಾರಿ. ಆದ್ದರಿಂದ ಪೋಷಕರಿಗೆ ನಾನು ಹೇಳುವ ಮಾತು ನೇರವಾದುದು: ಇಂಗ್ಲಿಷ್ ಅಂಕ ಎಷ್ಟಿದೆ ಎಂದು ನೋಡುವ ಮೊದಲು ಕನ್ನಡದ ಪತ್ರಿಕೆಯ ಒಂದು ಸುದ್ದಿಯನ್ನು ಮಗುವಿನ ಕೈಗೆ ಕೊಟ್ಟು, ಓದಿದ ಮೇಲೆ ಏನು ತಿಳಿಯಿತು ಎಂದು ಕೇಳಿ. ಶಾಲೆಯ ಕಡೆಯಿಂದ ಮಾಡಬಹುದಾದ ಸಹಾಯವೆಂದರೆ, ಏಳನೆಯ ತರಗತಿಯ ಗಣಿತ ಮತ್ತು ವಿಜ್ಞಾನದ ಪ್ರತಿ ಪಾಠದ ಮುಖ್ಯ ಪದಗಳನ್ನು ಎರಡೂ ಭಾಷೆಯಲ್ಲಿ ಹಲಗೆಯ ಒಂದು ಬದಿಗೆ ಬರೆದಿಡುವುದು. ಎರಡು ವರ್ಷ ಹೀಗೆ ನಡೆದರೆ ಮಗು ಯಾವ ಮಾಧ್ಯಮಕ್ಕೆ ಹೋದರೂ ಆ ಪದಗಳು ಅಪರಿಚಿತವಾಗಿರುವುದಿಲ್ಲ. ಆರನೆಯ ತರಗತಿಯಲ್ಲಿ ಬರುವ ಹಿಂದಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಅದನ್ನು ಕೇಳುವ ಸಂದರ್ಭವೇ ಕಡಿಮೆ. ಅಕ್ಷರ ಮತ್ತು ಕಾಗುಣಿತವನ್ನು ಆ ಎರಡು ವರ್ಷಗಳಲ್ಲಿ ತಪ್ಪಿಲ್ಲದೆ ಕಲಿಸಿದರೆ ಸಾಕಷ್ಟಾಯಿತು.

ಪ್ರವೇಶ ಪರೀಕ್ಷೆಗಳ ಕಾವು ಐದನೆಯ ತರಗತಿಯಲ್ಲಿಯೇ ಆರಂಭವಾಗುತ್ತದೆ. ನವೋದಯದ ಆರನೆಯ ತರಗತಿಯ ಆಯ್ಕೆ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೆಯ ತರಗತಿಗೇ ಪ್ರವೇಶ ಪರೀಕ್ಷೆಯಿದೆ. ಮೈಸೂರಿನ ಶ್ರೀ ರಾಮಕೃಷ್ಣ ವಿದ್ಯಾಶಾಲೆಯಂಥ ಕಡೆ ಎಂಟನೆಯ ತರಗತಿಗೆ ಪರೀಕ್ಷೆ ಬರೆದು ಸೇರುತ್ತಾರೆ. ಇವುಗಳಿಗಾಗಿ ನಡೆಯುವ ಕೋಚಿಂಗ್ ಬಗ್ಗೆ ನನಗೆ ತಕರಾರಿರುವುದು ಒಂದೇ ಕಾರಣಕ್ಕೆ: ಆಯ್ಕೆಯಾಗದ ಹೆಚ್ಚಿನ ಮಕ್ಕಳಿಗೆ ಹತ್ತು ವರ್ಷದ ವಯಸ್ಸಿನಲ್ಲಿ ಸೋತ ಭಾವ ಅಂಟಿಕೊಳ್ಳುತ್ತದೆ, ಆರನೆಯ ತರಗತಿಗೆ ಅವರು ನಮ್ಮಲ್ಲಿ ಕುಳಿತುಕೊಳ್ಳುವುದು ಆ ಭಾರದೊಡನೆ. ಅದನ್ನು ಇಳಿಸುವುದಕ್ಕೇ ಕೆಲವು ತಿಂಗಳು ಬೇಕಾಗುತ್ತದೆ. ಇದಕ್ಕೆ ಹೋಲಿಸಿದರೆ ಹೆಚ್ಚು ಉಪಯುಕ್ತವಾದ, ಕಡಿಮೆ ಮಂದಿಗೆ ಗೊತ್ತಿರುವ ಇನ್ನೊಂದು ಪರೀಕ್ಷೆಯಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಏಳನೆಯ ತರಗತಿಯಲ್ಲಿ ಶೇಕಡ 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಇದರಲ್ಲಿ ಶೇಕಡ 5 ರಿಯಾಯಿತಿ ಇದೆ. ಏಳನೆಯ ತರಗತಿಯ ಅಂಕಪಟ್ಟಿಗೆ ಬೆಲೆಯಿಲ್ಲ ಎಂದು ಭಾವಿಸುವ ಪೋಷಕರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯಕ್ಕೆ 90, ವಿಷಯಜ್ಞಾನಕ್ಕೆ 90 ಪ್ರಶ್ನೆಗಳಿರುತ್ತವೆ. ವಿಷಯಜ್ಞಾನದ ಭಾಗವು ಏಳು ಮತ್ತು ಎಂಟನೆಯ ತರಗತಿಯ ಪಾಠಗಳನ್ನು ಅವಲಂಬಿಸಿದೆ.

ಹಲವು ಶಿಕ್ಷಕರ ನಡುವೆ ಮಗು ಕಳೆದುಹೋಗದಂತೆ ಸಿದ್ಧಪಡಿಸುವುದು ಪುಸ್ತಕದ ಓದಿನಷ್ಟೇ ಮುಖ್ಯ. ಏಳನೆಯ ತರಗತಿಯ ಎರಡನೆಯ ಅರ್ಧದಲ್ಲಿ ನಾವು ಪ್ರೌಢಶಾಲೆಯ ಮಾದರಿಯಲ್ಲಿಯೇ ವೇಳಾಪಟ್ಟಿ ಹಾಕುತ್ತೇವೆ. ಯಾವ ದಿನ ಯಾವ ಪುಸ್ತಕ ತರಬೇಕು ಎಂಬುದನ್ನು ಮಗುವೇ ನೋಡಿಕೊಳ್ಳಬೇಕು, ಮನೆಗೆಲಸವನ್ನು ಡೈರಿಯಲ್ಲಿ ತಾನೇ ಬರೆದುಕೊಳ್ಳಬೇಕು, ಮರೆತರೆ ಆ ವಿಷಯದ ಶಿಕ್ಷಕರ ಬಳಿ ತಾನೇ ಹೋಗಿ ಹೇಳಬೇಕು. ಕೇಳುವ ಅಭ್ಯಾಸಕ್ಕಾಗಿ ಪ್ರತಿ ಪಾಠದ ಕೊನೆಯಲ್ಲಿ ಉತ್ತರ ಹೇಳುವವರನ್ನು ಬಿಟ್ಟು ಪ್ರಶ್ನೆ ಕೇಳುವವರನ್ನು ಎಬ್ಬಿಸುತ್ತೇವೆ. ಸದಾ ಕೈ ಎತ್ತುವ ನಾಲ್ಕೈದು ಮಕ್ಕಳನ್ನು ಆ ಹೊತ್ತಿನಲ್ಲಿ ಸುಮ್ಮನಿರಿಸುತ್ತೇವೆ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಬಾಯಿ ಬಿಡಲು ವಾರಗಟ್ಟಲೆ ತೆಗೆದುಕೊಳ್ಳುತ್ತಾರೆ. ತಮ್ಮ ಶಾಲೆಯಲ್ಲಿ, ತಮ್ಮ ಊರಿನವರ ನಡುವೆ ಧ್ವನಿ ತೆಗೆಯದ ಮಗು ಎಂಟನೆಯ ತರಗತಿಯಲ್ಲಿ ತೆಗೆಯುವುದು ಕಷ್ಟ, ಆದ್ದರಿಂದ ಅಷ್ಟು ಸಮಯ ಕೊಡುವುದರಲ್ಲಿ ನಷ್ಟವೇನೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಆತಂಕವಿದೆ. ಊರಿನ ಶಾಲೆಗೆ ಮನೆಯಿಂದ ಎರಡು ಬೀದಿ ದಾಟಿ ಬರುತ್ತಿದ್ದ ಹುಡುಗಿ ಈಗ ನಾಲ್ಕೈದು ಕಿಲೋಮೀಟರ್ ಹೋಗಬೇಕು. ಅದೇ ವಯಸ್ಸಿನಲ್ಲಿ ದೇಹದ ಬದಲಾವಣೆಯೂ ಆಗುತ್ತಿರುತ್ತದೆ. “ಏಳ್ನೇದುವರ್ಗೂ ಓದವ್ಳಲ್ಲ ಮೇಷ್ಟ್ರೇ, ಸಾಕಲ್ವಾ? ಅಷ್ಟ್ ದೂರ ಒಬ್ಳುನ್ನೇ ಹೆಂಗ್ ಕಳ್ಸದು?” ಎಂದು ಕೇಳುವ ತಾಯಂದಿರು ಇಂದಿಗೂ ಇದ್ದಾರೆ. ಅವರ ಭಯವನ್ನು ಅಜ್ಞಾನ ಎಂದು ಕರೆಯುವುದು ಸರಿಯಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ ಎಂಬುದು ನಿಜ, ಆದರೆ ಶಾಲೆಯ ವೇಳೆಗೆ ಬಸ್ಸೇ ಬಾರದ ಹಳ್ಳಿಗೆ ಉಚಿತ ಪ್ರಯಾಣದಿಂದ ಏನೂ ಸಿಗುವುದಿಲ್ಲ. ನಾವು ಮಾಡುವುದು ಇಷ್ಟು: ಫೆಬ್ರವರಿಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಏಳನೆಯ ತರಗತಿಯ ಎಲ್ಲ ತಾಯಂದಿರನ್ನೂ ಕರೆಯುತ್ತೇವೆ. ಯಾವ ಹುಡುಗಿಯರು ಯಾವ ಪ್ರೌಢಶಾಲೆಗೆ ಹೋಗುತ್ತಾರೆ, ಯಾರು ಯಾರ ಜೊತೆಗೆ ಹೋಗಿ ಬರುತ್ತಾರೆ ಎಂಬುದನ್ನು ಅಲ್ಲಿಯೇ ಮಾತಾಡಿಕೊಳ್ಳುತ್ತಾರೆ. ಈಗಾಗಲೇ ಒಂಬತ್ತು, ಹತ್ತರಲ್ಲಿ ಓದುತ್ತಿರುವ ಊರಿನ ಹುಡುಗಿಯರನ್ನೂ ಕೂರಿಸುತ್ತೇವೆ. ಅವರಲ್ಲೊಬ್ಬಳು ದಾರಿ, ಬಸ್ಸು, ಶೌಚಾಲಯ, ಮಧ್ಯಾಹ್ನದ ಊಟ ಎಲ್ಲವನ್ನೂ ಇದ್ದಂತೆ ಹೇಳಿದರೆ ತಾಯಂದಿರು ನಮ್ಮ ಮಾತಿಗಿಂತ ಅದನ್ನು ಹೆಚ್ಚು ನಂಬುತ್ತಾರೆ. ಮಾರ್ಚ್‌ನಲ್ಲಿ ಒಂದು ದಿನ ಏಳನೆಯ ತರಗತಿಯನ್ನು ಇಡಿಯಾಗಿ ಆ ಪ್ರೌಢಶಾಲೆಗೆ ಕರೆದುಕೊಂಡು ಹೋಗಿ, ಪ್ರಯೋಗಾಲಯ ಮತ್ತು ಗ್ರಂಥಾಲಯ ತೋರಿಸಿ, ಅಲ್ಲಿನ ಶಿಕ್ಷಕರಿಂದ ಒಂದು ಪಾಠ ಕೇಳಿಸಿ ಕರೆತರುತ್ತೇವೆ.

ಕಾಗದಪತ್ರಗಳ ಮಾತನ್ನೂ ಹೇಳಬೇಕು. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ ಇವು ಶಾಲಾ ದಾಖಲೆ, ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ), ಆಧಾರ್ ಮೂರರಲ್ಲಿಯೂ ಒಂದೇ ರೀತಿ ಇವೆಯೇ ಎಂದು ಏಳನೆಯ ತರಗತಿಯಲ್ಲಿಯೇ ನೋಡಿಕೊಳ್ಳಿ. ಇಲ್ಲಿಂದ ಹೋದ ವಿವರಗಳೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರುತ್ತವೆ, ಬದುಕಿನುದ್ದಕ್ಕೂ ಜನ್ಮದಿನಾಂಕಕ್ಕೆ ಅದನ್ನೇ ಆಧಾರವಾಗಿ ಕೇಳುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಬೇಸಿಗೆಯಲ್ಲಿಯೇ ಮಾಡಿಸಿಟ್ಟುಕೊಂಡರೆ ಜೂನ್‌ನಲ್ಲಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಇಷ್ಟೆಲ್ಲ ಸಿದ್ಧತೆ ಮಾಡಿ ಮಗುವನ್ನು ಕಳುಹಿಸುವಾಗ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಪ್ರೌಢಶಾಲೆಗೆ ಕೊಡುವುದು ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿ ಮಾತ್ರ. ಮಗು ಎಡಗಣ್ಣಿನಲ್ಲಿ ಸರಿಯಾಗಿ ಕಾಣದೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು, ಅಜ್ಜಿಯ ಮನೆಯಲ್ಲಿದೆ, ಗುಣಾಕಾರದಲ್ಲಿ ಗಟ್ಟಿ ಆದರೆ ಪದಲೆಕ್ಕ ಓದಲು ಹೆಚ್ಚು ಸಮಯ ಬೇಕು, ಗದರಿದರೆ ಎರಡು ದಿನ ಶಾಲೆಗೆ ಬರುವುದಿಲ್ಲ, ಚಿತ್ರ ಬರೆಯಲು ಕೊಟ್ಟರೆ ಮಾತಾಡುತ್ತದೆ, ಇಂಥ ಯಾವ ಸಂಗತಿಯೂ ಆ ಎರಡು ಕಾಗದಗಳಲ್ಲಿ ಇರುವುದಿಲ್ಲ. ಏಳು ವರ್ಷ ನಮ್ಮೊಂದಿಗಿದ್ದ ಮಗುವಿನ ಬಗ್ಗೆ ನಮಗಿರುವ ತಿಳಿವಳಿಕೆ ಗೇಟಿನಲ್ಲೇ ನಿಂತುಬಿಡುತ್ತದೆ, ಅಲ್ಲಿಯ ಶಿಕ್ಷಕರು ಅದನ್ನೆಲ್ಲ ಮೊದಲಿನಿಂದ ಕಂಡುಹಿಡಿಯುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಅದಕ್ಕಾಗಿ ನಾವು ಪ್ರತಿ ಮಗುವಿನ ಬಗ್ಗೆ ಒಂದೊಂದು ಪುಟ ಬರೆದು, ತಂದೆತಾಯಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆದು, ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಕೈಗೆ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತಿದ್ದೇವೆ. ಅದರಲ್ಲಿ ದೂರುಗಳಿಗೆ ಜಾಗವಿಲ್ಲ. ಮಗು ಏನನ್ನು ಒಬ್ಬಂಟಿಯಾಗಿ ಮಾಡಬಲ್ಲದು, ಯಾವುದರಲ್ಲಿ ಇನ್ನೂ ಕೈ ಹಿಡಿಯಬೇಕು, ಯಾವ ರೀತಿ ಹೇಳಿದರೆ ಅದಕ್ಕೆ ತಿಳಿಯುತ್ತದೆ ಎಂಬಷ್ಟನ್ನೇ ಬರೆಯುತ್ತೇವೆ. ಇದನ್ನು ಬರೆಯಲು ಇಲಾಖೆಯ ಯಾವ ಆದೇಶವೂ ಬೇಕಾಗಿಲ್ಲ. ಎಂಟನೆಯ ತರಗತಿಯ ತರಗತಿ ಶಿಕ್ಷಕರು ಸೇತುಬಂಧ ಆರಂಭಿಸುವ ಮೊದಲು ಈ ಪುಟಗಳನ್ನು ಓದಲಿ ಎಂಬುದಷ್ಟೇ ನನ್ನ ವಿನಂತಿ. ನೈದಾನಿಕ ಪರೀಕ್ಷೆಯ ಅಂಕ ನೋಡಿ ಯಾವ ಮಗುವಿನ ಬಗ್ಗೆಯಾದರೂ ಸಂದೇಹ ಬಂದರೆ ನಮಗೆ ಒಂದು ಫೋನ್ ಮಾಡಲಿ. ಕಳೆದ ಜೂನ್‌ನಲ್ಲಿ ಹಾಗೆ ಫೋನ್ ಮಾಡಿದ ಶಿಕ್ಷಕಿಯೊಬ್ಬರೊಡನೆ ಮಾತಾಡಿದ ಮೇಲೆ, ಈ ವರ್ಷ ಪುಟದ ಕೊನೆಗೆ ಹೊಸದೊಂದು ಸಾಲು ಸೇರಿಸಿದ್ದೇವೆ. ಹೊಸ ಶಾಲೆಯವರಿಗೆ ತನ್ನ ಬಗ್ಗೆ ಏನು ಗೊತ್ತಿರಬೇಕು ಎಂಬುದನ್ನು ಮಗುವೇ ತನ್ನ ಕೈಯಿಂದ ಬರೆಯುವ ಸಾಲು ಅದು.